ಚಳಿಗಾಲ ಪೂರ್ತಿ ಹಾಯಿದೋಣಿಯಲ್ಲಿ ಇರೋರು ದಿನಾ ಏನು ಮಾಡ್ತಾರೆ? ಬಹಾಮಾಸ್ ಕಡೆ ಹೋಗಿಬಂದವರು ಹೇಳಿ

ಮಲೆನಾಡ_ಮಗಳು
ಎಲ್ಲರಿಗೂ ನಮಸ್ಕಾರ. ನಾವಿರೋದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ನಮ್ಮನೆಯವರಿಗೆ ಸುಮಾರು ವರ್ಷದಿಂದ ಸೇಲಿಂಗ್ ಹುಚ್ಚು. ಮೊದಲು ಊರ ಪಕ್ಕದ ಕೆರೆಯಲ್ಲಿ ಕಲಿತರು, ಆಮೇಲೆ ಸಮುದ್ರದಲ್ಲಿ ಕೋರ್ಸ್ ಮಾಡಿದರು. ಈಗ 34 ಅಡಿಯ ಹಳೇ ಬೋಟ್ ಒಂದನ್ನ ನೋಡ್ಕೊಂಡು ಬಂದಿದ್ದಾರೆ. ಮುಂದಿನ ಚಳಿಗಾಲ ಇಬ್ಬರೂ ದೀರ್ಘ ರಜೆ ಹಾಕಿ, ಬಹಾಮಾಸ್‌ನ ಎಕ್ಸೂಮಾ ದ್ವೀಪಗಳಿಗೆ ಹೋಗಿ, ನಾಲ್ಕೈದು ತಿಂಗಳು ಬೋಟಿನಲ್ಲೇ ಇರೋಣ ಅಂತ ಅವರ ಆಸೆ.

ನನಗೆ ನೀರಿನ ಭಯ ಇಲ್ಲ, ತುಂಗೆಯಲ್ಲಿ ಈಜು ಕಲಿತವಳು. ಚಿಂತೆ ಇರೋದು ಬೇರೆ. ಬೆಳಿಗ್ಗೆ ಎದ್ದರೆ ಸುತ್ತ ನೀರು, ಎದುರಿಗೆ ಗಂಡ. ದಿನವಿಡೀ ಏನು ಮಾಡೋದು? ಮಾತಾಡೋಕೆ ಯಾರು ಸಿಗ್ತಾರೆ? ಸಂಜೆ ಅಕ್ಕಪಕ್ಕದವರ ಜೊತೆ ಸ್ವಲ್ಪ ಹೊತ್ತು ಹರಟೆ ಹೊಡೆಯದಿದ್ರೆ ನನಗೆ ದಿನ ಮುಗಿದ ಹಾಗೇ ಅನ್ನಿಸೋದಿಲ್ಲ. ಯೂಟ್ಯೂಬ್ ನೋಡಿದ್ರೆ ಬರೀ ಡ್ರೋನ್ ಶಾಟು, ನೀಲಿ ನೀರು. ನನಗೆ ಬೇಕಿರೋದು ಅದಲ್ಲ. ಜನ ಹೇಗೆ ಬದುಕ್ತಾರೆ ಅಲ್ಲಿ?

ಕುಂದಾಪ್ರ_ಮಾಣಿ
ಅಕ್ಕಾ, ಗಂಡ ಹೆಂಡ್ತಿ 34 ಅಡಿ ಒಳಗೆ ನಾಲ್ಕ್ ತಿಂಗಳಾ! ಸಮುದ್ರದ್ ವಿಷ್ಯ ಕಡೀಗ್ ಕಾಂಬ, ಮೊದ್ಲ್ ಅದನ್ನ್ ಯೋಚ್ನೆ ಮಾಡಿ ಮಾರಾಯ್ರೆ.

ಲೆಕ್ಕದ_ಮೇಷ್ಟ್ರು
ಇದು ದುಡ್ಡಿದ್ದವರ ಆಟ. ಬೋಟ್ ಬೆಲೆ ಒಂದು ಕಡೆ ಇರಲಿ; ಇನ್ಶೂರೆನ್ಸ್, ರಿಪೇರಿ, ಅಲ್ಲಿನ ಪರ್ಮಿಟ್ ಶುಲ್ಕ, ಬೇಸಿಗೆಯಲ್ಲಿ ನಿಲ್ಲಿಸೋಕೆ ಜಾಗದ ಬಾಡಿಗೆ... ಎಲ್ಲ ಕೂಡಿ ನೋಡಿ. ಅದೇ ದುಡ್ಡಲ್ಲಿ ಪ್ರತಿವರ್ಷ ಊರಿಗೆ ಬಂದು ಎರಡು ತಿಂಗಳು ಅಪ್ಪ ಅಮ್ಮನ ಜೊತೆ ಇರಬಹುದು.

ಹಾಯಿದೋಣಿ_ದಂಪತಿ
ಮಲೆನಾಡ_ಮಗಳು ಅವರೇ, ನಾವು ಮೈಸೂರಿನವರು, ಈಗ ಫ್ಲೋರಿಡಾ. ಕೆಲವು ಚಳಿಗಾಲಗಳನ್ನ ಎಕ್ಸೂಮಾದಲ್ಲೇ ಕಳೆದಿದ್ದೀವಿ. ಬರೀತಿರೋದು ನಾನು, ಮನೆಯಾಕೆ. ನೀವು ಕೇಳಿದ್ದು ಸರಿಯಾದ ಪ್ರಶ್ನೆ, ಏಕೆಂದರೆ ಗಂಡಸರು ಇದನ್ನ ಕೇಳೋದೇ ಇಲ್ಲ. ಅವರಿಗೆ ಬ್ಯಾಟರಿ ಎಷ್ಟು, ಸೋಲಾರ್ ಎಷ್ಟು ಅನ್ನೋದೇ ದೊಡ್ಡ ವಿಷಯ.

ಗ್ರೇಟ್ ಎಕ್ಸೂಮಾ ದ್ವೀಪದಲ್ಲಿ ಜಾರ್ಜ್‌ಟೌನ್ ಅಂತ ಸಣ್ಣ ಊರು. ಅದರ ಎದುರಿಗೆ ಸ್ಟಾಕಿಂಗ್ ಐಲೆಂಡ್ ಅನ್ನೋ ಉದ್ದದ ದ್ವೀಪ. ನಡುವೆ ಇರೋ ನೀರೇ ಎಲಿಜಬೆತ್ ಹಾರ್ಬರ್. ಫೆಬ್ರವರಿ, ಮಾರ್ಚ್‌ನಲ್ಲಿ ಅಲ್ಲಿ ನೂರಾರು ಹಾಯಿದೋಣಿಗಳು ಲಂಗರು ಹಾಕಿ ನಿಂತಿರ್ತವೆ. ಹಳೇ ಮೈಸೂರಿನ ವಠಾರ ಗೊತ್ತಲ್ವಾ, ನೀರಿನ ಮೇಲೆ ಅಂಥದ್ದೊಂದು ವಠಾರ ಅಂದ್ಕೊಳ್ಳಿ.

ದಿನ ಶುರುವಾಗೋದು ರೇಡಿಯೊದಿಂದ. ಬೆಳಿಗ್ಗೆ 8ಕ್ಕೆ ಎಲ್ಲರೂ ವಿಎಚ್‌ಎಫ್ ರೇಡಿಯೊದಲ್ಲಿ (ಬೋಟಿನಿಂದ ಬೋಟಿಗೆ ಮಾತಾಡೋ ರೇಡಿಯೊ) 72ನೇ ಚಾನೆಲ್ ಹಾಕ್ತಾರೆ. ಬೋಟಿನವರಲ್ಲೇ ಒಬ್ಬರು ನಡೆಸಿಕೊಡ್ತಾರೆ. ಮೊದಲು ಹವಾಮಾನ. ಆಮೇಲೆ ಊರಿನ ಸುದ್ದಿ: ಸರಕು ತರೋ ಮೇಲ್‌ಬೋಟ್ ಬಂತಾ, ಅಂಗಡಿಗೆ ತರಕಾರಿ ಇಳೀತಾ. ಆಮೇಲೆ ಹೊಸದಾಗಿ ಬಂದವರು ತಮ್ಮ ಬೋಟಿನ ಹೆಸರು ಹೇಳಿ ಪರಿಚಯ ಮಾಡ್ಕೋತಾರೆ, ಹೊರಟವರು ಎಲ್ಲರಿಗೂ ಹೇಳಿ ಹೋಗ್ತಾರೆ. ನಡುವೆ ಸಹಾಯ ಕೇಳೋ ಸರದಿ. 'ಆಲ್ಟರ್ನೇಟರ್ ಬೆಲ್ಟ್ ಹರಿದಿದೆ, ಈ ಅಳತೆದು ಯಾರ ಹತ್ರ ಇದೆ?' ಅಂತ ಒಬ್ಬರು ಕೇಳಿದ್ರೆ ಸಾಕು, ಅವರು ಮೈಕ್ ಕೆಳಗಿಡೋ ಮುಂಚೆ ಉತ್ತರ ಬರುತ್ತೆ. ಮಧ್ಯಾಹ್ನದೊಳಗೆ ಯಾರೋ ಡಿಂಗಿಯಲ್ಲಿ (ಬೋಟಿನ ಜೊತೆಗಿರೋ ಪುಟ್ಟ ದೋಣಿ) ಬೆಲ್ಟ್ ತಂದು ಕೊಟ್ಟು, ಕೂತು, ಹಾಕಿಕೊಟ್ಟೇ ಹೋಗ್ತಾರೆ. ಆ ಮನುಷ್ಯ ಮೊದಲು ಏನಾಗಿದ್ದ, ಹಲ್ಲಿನ ಡಾಕ್ಟರೋ ಲಾರಿ ಡ್ರೈವರೋ, ಯಾರೂ ಕೇಳೋದಿಲ್ಲ. ಅಮೆರಿಕದಲ್ಲಿ ಇಷ್ಟು ವರ್ಷ ಇದ್ದರೂ 'ಏನು ಕೆಲಸ ಮಾಡ್ತೀರಿ' ಅನ್ನೋ ಪ್ರಶ್ನೆ ಇಲ್ಲದೆ ಸ್ನೇಹ ಬೆಳೆದದ್ದು ನನಗೆ ಅಲ್ಲಿ ಮಾತ್ರ.

ಆಮೇಲೆ ಸ್ಟಾಕಿಂಗ್ ಐಲೆಂಡಿನ ವಾಲಿಬಾಲ್ ಬೀಚ್. ಹೆಸರೇ ಹೇಳುವ ಹಾಗೆ ಮಧ್ಯಾಹ್ನ ವಾಲಿಬಾಲ್. ಮರದ ಕೆಳಗೆ ಡೊಮಿನೋ ಆಡೋರು, ಬುಟ್ಟಿ ಹೆಣೆಯೋದು ಕಲಿಸೋರು, ಯೋಗ ಮಾಡಿಸೋರು. ಭಾನುವಾರ ಮರಳಿನ ಮೇಲೇ ಪ್ರಾರ್ಥನೆ. ಯಾವುದಕ್ಕೂ ಫೀಸು ಇಲ್ಲ, ಬಂದೇ ಬರಬೇಕು ಅನ್ನೋ ಒತ್ತಾಯವೂ ಇಲ್ಲ. ಸಂಜೆ ಒಂದು ಡಬ್ಬಿ ತಿಂಡಿ ಹಿಡ್ಕೊಂಡು ಪಕ್ಕದ ಬೋಟಿಗೆ ಹೋಗೋದು. ಸೂರ್ಯ ಮುಳುಗುವಾಗ ಹಾರ್ಬರಿನ ಆ ಕಡೆ ಈ ಕಡೆಯಿಂದ ಶಂಖ ಊದ್ತಾರೆ. ಅಲ್ಲಿ ಕಾಂಕ್ ಅಂತ ದೊಡ್ಡ ಶಂಖ ಸಿಗುತ್ತೆ, ತುದಿ ಕತ್ತರಿಸಿ ಊದೋದು. ನಾನು ಅಜ್ಜನ ಮನೆಯಲ್ಲಿ ಕಲಿತ ಶಂಖ ಊದೋ ವಿದ್ಯೆ ಅಲ್ಲಿ ಬಹಳ ಮರ್ಯಾದೆ ತಂದುಕೊಡ್ತು!

ಹುಬ್ಳಿ_ಹುಡುಗ
ಓದಿ ಖುಷಿ ಆತ್ರೀ ಅಕ್ಕಾರ. ಶಂಖದ್ದು ವಿಡಿಯೊ ಇದ್ರ ಹಾಕ್ರೀ.

ಮಲೆನಾಡ_ಮಗಳು
ಅಯ್ಯೋ, ಇದೇ ನನಗೆ ಬೇಕಾಗಿದ್ದದ್ದು. ಒಂದು ಕೇಳ್ತೀನಿ: ವಠಾರ ಅಂದ್ರೆ ವಠಾರದ ಜಗಳವೂ ಇರಬೇಕಲ್ಲ?

ಕಡಲಕೂಸುಗಳ_ಅಮ್ಮ
ಇರ್ತವೆ! ಜನರೇಟರ್ ಶಬ್ದ ನಂಬರ್ ಒಂದು. ನಂಬರ್ ಎರಡು, ಪಕ್ಕಕ್ಕೇ ಬಂದು ಲಂಗರು ಹಾಕೋರು. ಗಾಳಿ ತಿರುಗಿದಾಗ ಬೋಟು ಲಂಗರಿನ ಸುತ್ತ ತಿರುಗುತ್ತೆ, ಚೈನ್ ಉದ್ದ ಬಿಟ್ಟಷ್ಟೂ ದೊಡ್ಡ ವೃತ್ತ. ಮೊದಲು ಬಂದವರ ವೃತ್ತಕ್ಕೆ ಆಮೇಲೆ ಬಂದವರು ಅಡ್ಡ ಬರಬಾರದು, ಇದು ಎಲ್ಲ ಕಡೆ ನಡೆಯೋ ನಿಯಮ. ಮೂರನೇದು, ಜನ ಈಜುವ ಜಾಗದಲ್ಲಿ ಡಿಂಗಿಯನ್ನ ಜೋರಾಗಿ ಓಡಿಸೋದು.

ಆದರೆ ಒಂದು ನೋಡಿ, ಯಾರೂ ಕರೆಯದೆ ಇನ್ನೊಬ್ಬರ ಬೋಟಿಗೆ ಕಾಲಿಡೋದಿಲ್ಲ. ಡಿಂಗಿಯಲ್ಲೇ ನಿಂತು ಬೋಟಿನ ಹೊರಮೈ ತಟ್ಟಿ, ಹೆಸರು ಕೂಗಿ, ಕಾಯಬೇಕು. ಜಗಳ ವಿಪರೀತಕ್ಕೆ ಹೋದರೆ ಲಂಗರು ಎತ್ತಿಕೊಂಡು ಬೇರೆ ಕಡೆ ಹೋಗೋ ಸೌಲಭ್ಯ ಇದ್ದೇ ಇದೆ. ವಠಾರದಲ್ಲಿ ಅದಿಲ್ಲ.

ನಾವು ಮಕ್ಕಳ ಜೊತೆ ಇದ್ದದ್ದು ಮೆಕ್ಸಿಕೊದ ಲಾ ಪಾಸ್ ಕಡೆ. ಅಲ್ಲೂ ಬೆಳಿಗ್ಗೆ ಹೀಗೇ ರೇಡಿಯೊ. ವಿದೇಶಿ ಬೋಟಿನವರು ತಮ್ಮತಮ್ಮಲ್ಲಿ ವಸ್ತು ಮಾರಾಟ ಮಾಡೋ ಹಾಗಿಲ್ಲ, ಕಸ್ಟಮ್ಸ್ ಕಾನೂನು. ಹಾಗಾಗಿ ರೇಡಿಯೊದಲ್ಲಿ ಬೆಲೆಯನ್ನ ತೆಂಗಿನಕಾಯಿಯಲ್ಲಿ ಹೇಳ್ತಾರೆ. 'ಹಳೇ ಪಂಪ್ ಇದೆ, ಹತ್ತು ತೆಂಗಿನಕಾಯಿ.' ನನ್ನ ಮಗಳು ನಿಜವಾಗಿ ತೆಂಗಿನಕಾಯಿ ಹುಡುಕೋಕೆ ಹೊರಟಿದ್ದಳು.

ಓದುಗ_72
ಮಕ್ಕಳ ಸ್ಕೂಲು?

ಕಡಲಕೂಸುಗಳ_ಅಮ್ಮ
ಬೆಳಿಗ್ಗೆ ಬೋಟಿನ ಮೇಜಿನ ಮೇಲೆ ಪಾಠ, ಮಧ್ಯಾಹ್ನದ ಮೇಲೆ ಬೇರೆ ಬೋಟುಗಳ ಮಕ್ಕಳ ಜೊತೆ ಆಟ. ಇಷ್ಟು ಹೇಳಬಲ್ಲೆ: ಹದಿನಾಲ್ಕರ ಹುಡುಗ, ಆರರ ಹುಡುಗಿ, ಅರವತ್ತರ ಅಜ್ಜಿ ಒಟ್ಟಿಗೆ ಕೂತು ಇಸ್ಪೀಟು ಆಡೋದು ನಮ್ಮ ಬಡಾವಣೆಯಲ್ಲಿ ನಾನು ನೋಡಿಲ್ಲ. ಕಷ್ಟ ಅಂದ್ರೆ ಬೀಳ್ಕೊಡುಗೆ. ಗೆಳೆತನ ಗಟ್ಟಿಯಾಗೋ ಹೊತ್ತಿಗೆ ಒಂದು ಬೋಟು ಹೊರಟುಬಿಡುತ್ತೆ. ಮಕ್ಕಳು ಅಳ್ತಾರೆ, ನಾವೂ ಅತ್ತಿದ್ದೀವಿ.

ಲೆಕ್ಕದ_ಮೇಷ್ಟ್ರು
ಎಲ್ಲ ಚೆನ್ನಾಗಿದೆ, ನನ್ನ ಖರ್ಚಿನ ಮಾತಿಗೆ ಉತ್ತರ ಬರಲಿಲ್ಲ. ಈ ಸ್ನೇಹ, ಸಹಾಯ ಎಲ್ಲ ಬಿಡುವು ಇರೋರಿಗೆ. ಬಿಡುವು ಇರೋದು ದುಡ್ಡು ಇರೋರಿಗೆ.

ನಿವೃತ್ತ_ಇಂಜಿನಿಯರ್
ಮೇಷ್ಟ್ರೇ, ನಾನು ಮರ್ಚೆಂಟ್ ನೇವಿಯಲ್ಲಿ ದುಡಿದವನು. ಕೆರಿಬಿಯನ್ ಬಂದರುಗಳಲ್ಲಿ ಈ ಜನರನ್ನ ಹತ್ತಿರದಿಂದ ನೋಡಿದ್ದೇನೆ. ಕೋಟಿ ಬೆಲೆಯ, ಜೋಡಿ ಒಡಲಿನ ಕ್ಯಾಟಮರಾನ್ ಪಕ್ಕದಲ್ಲೇ, ಹಳೇ ಕಾರಿನ ಬೆಲೆಗೆ ಬಂದ 28 ಅಡಿಯ ದೋಣಿಯೂ ನಿಂತಿರುತ್ತದೆ. ಸಂಜೆ ಇಬ್ಬರೂ ಒಂದೇ ಮರಳಿನ ಮೇಲೆ ಕೂತಿರುತ್ತಾರೆ. ನಾನು ನೋಡಿದ ಕಾಲಕ್ಕೆ ಲಂಗರಿಗೆ ಬಾಡಿಗೆ ಇರಲಿಲ್ಲ; ಗಾಳಿಗೆ ಇವತ್ತಿಗೂ ಬಿಲ್ ಇಲ್ಲ. ಮರೀನಾದಲ್ಲಿ (ಬೋಟು ಕಟ್ಟುವ ಬಾಡಿಗೆ ಕಟ್ಟೆ) ಕಟ್ಟದೆ, ತನ್ನ ಎಂಜಿನ್ ತಾನೇ ಬಿಚ್ಚಿ ಜೋಡಿಸುವವನಿಗೆ ಖರ್ಚು ಬಹಳ ಇಳಿಯುತ್ತದೆ. ಲಿನ್ ಮತ್ತು ಲ್ಯಾರಿ ಪಾರ್ಡಿ ದಂಪತಿ 24 ಅಡಿ ಚಿಲ್ಲರೆಯ 'ಸೆರಾಫಿನ್' ದೋಣಿಯನ್ನು ತಾವೇ ಕಟ್ಟಿ, ಅದರಲ್ಲಿ ಪ್ರಪಂಚ ಸುತ್ತಿದರು. ಎಂಜಿನ್ ಇರಲೇ ಇಲ್ಲ. ದುಡ್ಡು ಬೇಕಾದಾಗ ದಾರಿಯಲ್ಲಿ ಬೇರೆಯವರ ಬೋಟು ರಿಪೇರಿ ಮಾಡಿ ಸಂಪಾದಿಸುತ್ತಿದ್ದರು.

ಬಿಡುವಿನ ಮಾತು ಮಾತ್ರ ನೀವು ಹೇಳಿದ್ದು ನಿಜ, ಒಪ್ಪುತ್ತೇನೆ.

ಹಳೇಬಂದರು
ಬೋಟು, ಯಾಟ್ ಅಂತ ಮಾತಾಡ್ತಾ ನಮ್ಮವರನ್ನ ಮರೀಬೇಡಿ. ನಮ್ಮಜ್ಜ ಮಂಗಳೂರು ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗೋ ಮಂಜಿಯಲ್ಲಿ (ಮರದ ಸರಕು ಹಡಗು) ತಾಂಡೇಲರಾಗಿದ್ರು, ಅಂದ್ರೆ ನಾವಿಕರ ಮುಖ್ಯಸ್ಥರು, ಹಾಯಿ ಕಾಲದಲ್ಲಿ. ಹೋಗುವಾಗ ಅಕ್ಕಿ, ಹೆಂಚು, ಬರುವಾಗ ಕೊಬ್ಬರಿ. ಗಾಳಿ ನಿಂತರೆ ದಿನಗಟ್ಟಲೆ ಅಲ್ಲೇ. ಅವರು ಹೇಳ್ತಿದ್ದದ್ದೂ ಇದೇ ಕಥೆ. ದ್ವೀಪಕ್ಕೆ ಮುಟ್ಟಿದ ಕೂಡಲೇ ಯಾವ ಮಂಜಿಯವನೂ ಬೇರೆ ಮಂಜಿಯವನನ್ನ ಊಟಕ್ಕೆ ಕರೆಯದೆ ಇರ್ತಿರಲಿಲ್ಲ. ಈಗ ಮಂಜಿಗಳೆಲ್ಲ ಎಂಜಿನ್‌ನವು. ಸಮುದ್ರದವರ ಸ್ನೇಹ ಶ್ರೀಮಂತರು ಕಂಡುಹಿಡಿದದ್ದಲ್ಲ ಮೇಷ್ಟ್ರೇ.

ಲೆಕ್ಕದ_ಮೇಷ್ಟ್ರು
ಅದಕ್ಕೇ ಕೇಳ್ತಿದ್ದೀನಿ. ನಿಮ್ಮಜ್ಜ ದುಡಿಯೋಕೆ ಹೋದವರು. ಇವರು ಇನ್ನೊಬ್ಬರ ದೇಶದ ನೀರಲ್ಲಿ ಲಂಗರು ಹಾಕಿ, ತಮ್ಮತಮ್ಮಲ್ಲೇ ಡೊಮಿನೋ ಆಡ್ಕೊಂಡು, ಏಪ್ರಿಲ್‌ಗೆ ವಾಪಸ್. ಬಹಾಮಾಸ್ ಜನರ ಜೊತೆ ಮಾತಾಡಿದ್ದು ಎಷ್ಟು? ನಮ್ಮ ಗೋಕರ್ಣಕ್ಕೆ ಬರೋ ವಿದೇಶಿಯರನ್ನ ನೋಡಿಲ್ವಾ?

ಹಾಯಿದೋಣಿ_ದಂಪತಿ
ಮೇಷ್ಟ್ರೇ, ಈ ಮಾತಿಗೆ ಉತ್ತರ ಕೊಡಲೇಬೇಕು. ಹಾಗೆ ಬದುಕೋರು ಇದ್ದಾರೆ. ಬೋಟಿನವರ ಗುಂಪು ಬಿಟ್ಟು ಹೊರಗೆ ಹೋಗದೆ ಚಳಿಗಾಲ ಮುಗಿಸೋರು. ನನಗೂ ಅದು ಇಷ್ಟ ಇಲ್ಲ.

ಆದರೆ ಮನಸ್ಸು ಮಾಡಿದ್ರೆ ಜಾರ್ಜ್‌ಟೌನ್ ತುಂಬ ಹತ್ತಿರ ಬಿಟ್ಟುಕೊಳ್ಳುತ್ತೆ. ರಸ್ತೆಯ ಸೇತುವೆ ಕೆಳಗಿನ ಕಿರಿದಾದ ಕಿಂಡಿಯಲ್ಲಿ ಡಿಂಗಿ ನುಗ್ಗಿಸಿದ್ರೆ ಲೇಕ್ ವಿಕ್ಟೋರಿಯಾ ಅನ್ನೋ ಕೊಳ. ಎಕ್ಸೂಮಾ ಮಾರ್ಕೆಟ್ ಅಂಗಡಿಯವರು ಅದರ ದಡದಲ್ಲಿ ಡಿಂಗಿ ಕಟ್ಟೋಕೆ ಕಟ್ಟೆ ಮಾಡಿ, ಕುಡಿಯೋ ನೀರನ್ನೂ ಪುಕ್ಕಟೆ ಕೊಡ್ತಾರೆ. ಮಳೆ ಕಡಿಮೆ ಇರೋ ದ್ವೀಪದಲ್ಲಿ ಅದು ಸಣ್ಣ ಮಾತಲ್ಲ. ಕ್ಯಾನ್ ತುಂಬಿಸೋಕೆ ನಿಂತ ಸಾಲಿನಲ್ಲೇ ನನಗೆ ಊರಿನ ಒಬ್ಬ ಅಜ್ಜಿಯ ಪರಿಚಯ ಆಯ್ತು. ಅವರು ಚೀಲದಿಂದ ತೆಗೆದು ತೋರಿಸಿದ್ದು ಏನು ಗೊತ್ತಾ? ಹಸಿ ತೊಗರಿಕಾಯಿ! ಅಲ್ಲಿ ಹಿತ್ತಲಲ್ಲಿ ತೊಗರಿ ಬೆಳೀತಾರೆ, ಅನ್ನಕ್ಕೆ ಹಾಕಿ ಬೇಯಿಸೋದು ಅವರ ದಿನದ ಊಟ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಸಿಪ್ಪೆ ಬಿಡಿಸಿದ್ವಿ. ಮಾರನೇ ದಿನ ನಾನು ಆ ಕಾಳಿನ ಹುಳಿ ಮಾಡಿ ಒಯ್ದು ಕೊಟ್ಟೆ. ಖಾರ ಜಾಸ್ತಿ ಅಂದರು, ಪಾತ್ರೆ ಖಾಲಿ ಮಾಡಿದರು.

ಇನ್ನೊಂದು: ಬೋಟಿನವರು ತಾವೇ ನಡೆಸೋ ರೆಗಾಟಾ (ಹಾಯಿದೋಣಿ ಸ್ಪರ್ಧೆ) ಮಾರ್ಚ್ ಆಸುಪಾಸು ಮುಗಿಯುತ್ತೆ, ಬಹಳ ಜನ ಆಗಲೇ ಹೊರಟುಬಿಡ್ತಾರೆ. ನೀವು ಏಪ್ರಿಲ್ ಕೊನೆವರೆಗೂ ಇರಿ. ಆಗ ಅದೇ ಹಾರ್ಬರಿನಲ್ಲಿ ನ್ಯಾಷನಲ್ ಫ್ಯಾಮಿಲಿ ಐಲೆಂಡ್ ರೆಗಾಟಾ ನಡೆಯುತ್ತೆ, 1954ರಲ್ಲಿ ಶುರುವಾದದ್ದು. ಬಹಾಮಾಸ್ ಜನರೇ ಕಟ್ಟಿ, ಅವರೇ ಓಡಿಸೋ ಮರದ ದೋಣಿಗಳು. ಹಾಯಿ ಇಳಿಸಿ, ಲಂಗರು ಹಾಕಿ ಸಾಲಾಗಿ ನಿಂತಿರ್ತವೆ. ಗುಂಡು ಹಾರಿದ ಕೂಡಲೇ ಲಂಗರಿನ ಹಗ್ಗ ಎಳೀತಾ, ಹಾಯಿ ಏರಿಸ್ತಾ ಹೊರಡೋದು. ಹಾಯಿ ಎಷ್ಟು ದೊಡ್ಡದು ಅಂದ್ರೆ, ದೋಣಿ ಮಗುಚದಿರಲಿ ಅಂತ ಪಕ್ಕಕ್ಕೆ ಹಲಗೆ ಚಾಚಿ ಆಳುಗಳು ಅದರ ಮೇಲೆ ನೀರಿನಾಚೆಗೆ ಸಾಲಾಗಿ ಕೂರ್ತಾರೆ. ದಡದಲ್ಲಿ ಪ್ರತಿ ದ್ವೀಪದವರೂ ತಮ್ಮ ದೋಣಿಗೆ ಕೂಗ್ತಿರ್ತಾರೆ. ಆ ವಾರ ನಾವು ಬರೀ ಅತಿಥಿಗಳು, ಅದೇ ಚೆಂದ.

ಕುಂದಾಪ್ರ_ಮಾಣಿ
ಲಂಗರ್ ಎಳ್ಕಂಡ್ ರೇಸ್ ಶುರು ಮಾಡುದಾ! ನಮ್ಮಲ್ಲಿ ದೋಣಿ ಸ್ಪರ್ಧೆ ಆತ್ತ್, ಆರೆ ಹಾಯಿದಲ್ಲ.

ಹುಬ್ಳಿ_ಹುಡುಗ
ತೊಗರಿ ಐತಿ ಅಂದ್ರ ಜ್ವಾಳಾನೂ ಇರಬೇಕಲ್ರೀ?

ಹಾಯಿದೋಣಿ_ದಂಪತಿ
ಇದೆ! ಗಿನಿ ಕಾರ್ನ್ ಅಂತಾರೆ, ನಮ್ಮ ಜೋಳವೇ. ಎಕ್ಸೂಮಾ, ಲಾಂಗ್ ಐಲೆಂಡ್, ಕ್ಯಾಟ್ ಐಲೆಂಡ್ ಕಡೆ ಹಳಬರು ಬೆಳೀತಿದ್ದ ಬೆಳೆ. ನುಚ್ಚು ಮಾಡಿ ಬೇಯಿಸ್ತಾರೆ, ರೊಟ್ಟಿ ತಟ್ಟೋದಿಲ್ಲ.

ಹುಬ್ಳಿ_ಹುಡುಗ
ಹಂಗಾರ ನಾನೂ ಬರ್ತೀನ್ರೀ. ರೊಟ್ಟಿ ಬಡಿಯೋದು ನನ್ನ ಪಾಲಿಗಿರ್ಲಿ, ಸೇಲಿಂಗ್ ನೀವ್ ನೋಡ್ಕೋರಿ.

ಮಲೆನಾಡ_ಮಗಳು
ಅಡುಗೆ ವಿಷಯ ಬಂತು, ಕೇಳಿಯೇ ಬಿಡ್ತೀನಿ. ಕುಕ್ಕರ್ ನಡೆಯುತ್ತಾ? ದೋಸೆ ಹಿಟ್ಟು?

ಕಡಲಕೂಸುಗಳ_ಅಮ್ಮ
ಕುಕ್ಕರ್ ಇಲ್ಲದೆ ಹೋಗಲೇಬೇಡಿ. ಬೋಟಿನಲ್ಲಿ ಅದು ಎಲ್ಲ ದೇಶದವರಿಗೂ ಪ್ರೀತಿ: ಗ್ಯಾಸ್ ಉಳಿತಾಯ, ನೀರು ಕಡಿಮೆ, ಅಲೆಗೆ ಬಿದ್ದರೂ ಮುಚ್ಚಳ ಬಿಚ್ಚೋದಿಲ್ಲ. ಒಲೆಗೆ ಎರಡೂ ಕಡೆ ಕೀಲು ಇರುತ್ತೆ, ಬೋಟು ವಾಲಿದಾಗ ಒಲೆ ತೂಗಾಡಿ ಮಟ್ಟವಾಗೇ ನಿಲ್ಲುತ್ತೆ. ದೋಸೆ ಹಿಟ್ಟನ್ನ ಲಂಗರು ಹಾಕಿದ ಮೇಲೆ ರುಬ್ಬಿ, ಓಡುವಾಗ ಬೇಡ. ಡಬ್ಬಿಗೆ ಅರ್ಧ ಮಾತ್ರ ತುಂಬಿಸಿ, ಆ ಸೆಕೆಗೆ ಉಕ್ಕಿ ಬರುತ್ತೆ. ಹೆಸರುಕಾಳು, ಮಡಕೆಕಾಳು ಹೆಚ್ಚಿಗೆ ಒಯ್ಯಿರಿ. ತರಕಾರಿ ಮುಗಿದಾಗ ಮೊಳಕೆಯೇ ಗತಿ. ಸಾರಿನ ಪುಡಿ ಸಣ್ಣ ಸಣ್ಣ ಪೊಟ್ಟಣ ಮಾಡಿ ಗಾಳಿ ಆಡದ ಹಾಗೆ ಸೀಲ್ ಮಾಡಿಸಿ. ದೊಡ್ಡ ಡಬ್ಬಿ ತೆರೆದರೆ ಉಪ್ಪುಗಾಳಿಗೆ ಗಂಟುಕಟ್ಟುತ್ತೆ.

ಓದುಗ_72
ವಿಷಯ ಎಲ್ಲಿಂದ ಎಲ್ಲಿಗೆ ಹೋಯ್ತು :) ಸಮುದ್ರ ದಾಟೋ ಭಾಗ ಯಾರಾದ್ರೂ ಹೇಳಿ. ಅಭಿಲಾಷ್ ಟೋಮಿ ಭಾರತದಿಂದ ಒಬ್ಬರೇ ಪ್ರಪಂಚ ಸುತ್ತಿದ ಮೊದಲಿಗರು, ಅದರ ಮುಂದೆ ಬಹಾಮಾಸ್ ಏನು ಮಹಾ?

ನಿವೃತ್ತ_ಇಂಜಿನಿಯರ್
ತಿದ್ದುಪಡಿ: ಒಬ್ಬರೇ ಸುತ್ತಿದ ಮೊದಲ ಭಾರತೀಯ ದಿಲೀಪ್ ದೋಂದೆ, 2009-10ರಲ್ಲಿ, ಐಎನ್‌ಎಸ್‌ವಿ ಮ್ಹಾದೇಯಿಯಲ್ಲಿ. ಅದೇ ದೋಣಿಯಲ್ಲಿ ಎಲ್ಲೂ ನಿಲ್ಲದೆ ಸುತ್ತಿದ ಮೊದಲಿಗರು ಟೋಮಿ, 2012-13. ಇವರಿಬ್ಬರಿಗೂ ಮುಂಚೆ ಸೇನೆಯ ಇಂಜಿನಿಯರ್‌ಗಳ ತಂಡ 1985-87ರಲ್ಲಿ 'ತೃಷ್ಣಾ' ದೋಣಿಯಲ್ಲಿ ಸುತ್ತಿ ಬಂದಿತ್ತು.

ಇನ್ನು ದಾಟುವ ವಿಷಯ. ಮಯಾಮಿಯಿಂದ ಬಿಮಿನಿ ದ್ವೀಪ ಸುಮಾರು 80 ಕಿ.ಮೀ. ಅಷ್ಟೇ. ಆದರೆ ನಡುವೆ ಗಲ್ಫ್ ಸ್ಟ್ರೀಮ್ ಎಂಬ ಸಮುದ್ರ ಪ್ರವಾಹ ಉತ್ತರಕ್ಕೆ ಹರಿಯುತ್ತದೆ. ಉತ್ತರದ ಗಾಳಿ ಬೀಸಿದರೆ ಪ್ರವಾಹಕ್ಕೆ ಎದುರಾಗಿ ಅಲೆಗಳು ಕಡಿದಾಗಿ ಎದ್ದು ನಿಲ್ಲುತ್ತವೆ. ಗಾಳಿಯಲ್ಲಿ ಉತ್ತರದ ಅಂಶ ಒಂದಿಷ್ಟಿದ್ದರೂ ಹೊರಡಬೇಡಿ, ದಡದಲ್ಲೇ ಕಾಯಿರಿ. ಎಷ್ಟು ದಿನ ಆದರೂ ಸರಿ. ರಜೆಯ ಕ್ಯಾಲೆಂಡರ್ ನೋಡಿ ಹೊರಡುವವರೇ ತೊಂದರೆಗೆ ಸಿಗುವುದು.

ಹಾಯಿದೋಣಿ_ದಂಪತಿ
ಸರ್ ಹೇಳಿದ್ದನ್ನ ಬರೆದಿಟ್ಟುಕೊಳ್ಳಿ. ಅಲ್ಲಿಗೆ ಹೋದ ಮೇಲೂ ಹವಾಮಾನವೇ ಯಜಮಾನ. ನಡುಚಳಿಗಾಲದಲ್ಲಿ ಹೆಚ್ಚುಕಡಿಮೆ ವಾರಕ್ಕೊಮ್ಮೆ ಉತ್ತರದಿಂದ ಶೀತಗಾಳಿಯ ಸರದಿ ಬರುತ್ತೆ. ಗಾಳಿ ಆಗ್ನೇಯದಿಂದ ದಕ್ಷಿಣಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ತಿರುಗುತ್ತಾ ಹೋಗುತ್ತೆ. ಅಂಥ ಒಂದು ರಾತ್ರಿ ನಮ್ಮ ಪಕ್ಕದ ಕೆನಡಾದ ವೃದ್ಧ ದಂಪತಿಯ ಲಂಗರು ಕಿತ್ತು ಬೋಟು ಜಾರತೊಡಗಿತು. ಇನ್ನೊಂದು ಬೋಟಿನವರು ನೋಡಿ ರೇಡಿಯೊದಲ್ಲಿ ಕೂಗಿದರು. ಮಳೆಯಲ್ಲಿ, ಕತ್ತಲಲ್ಲಿ ನಾಲ್ಕಾರು ಕಡೆಯಿಂದ ಟಾರ್ಚ್ ಹಿಡಿದು ಡಿಂಗಿಗಳು ಬಂದವು. ಇಬ್ಬರು ಬೋಟಿನ ಮೂತಿಗೆ ಹೋಗಿ ಚೈನ್ ಹೆಚ್ಚಿಗೆ ಬಿಟ್ಟರು, ನಮ್ಮನೆಯವರು ಎರಡನೇ ಲಂಗರನ್ನ ಡಿಂಗಿಯಲ್ಲಿಟ್ಟುಕೊಂಡು ಗಾಳಿಯ ಕಡೆಗೆ ಒಯ್ದು ಇಳಿಸಿದರು. ಯಾರೂ ಯಾರಿಗೂ ಆಜ್ಞೆ ಮಾಡಲಿಲ್ಲ, ಎಲ್ಲರಿಗೂ ಏನು ಮಾಡಬೇಕು ಅಂತ ಗೊತ್ತಿತ್ತು. ಬೆಳಗಿನ ಜಾವ ಅವರ ಬೋಟಿನಲ್ಲೇ ಒದ್ದೆ ಬಟ್ಟೆಯಲ್ಲಿ ಕಾಫಿ.

ನೀವು ಕೇಳಿದ್ರಲ್ಲ, ಮಾತಾಡೋಕೆ ಯಾರು ಸಿಗ್ತಾರೆ ಅಂತ. ಇವರು ಸಿಗ್ತಾರೆ. ಒಬ್ಬರಿಗೊಬ್ಬರು ನಿಜವಾಗಿ ಬೇಕಾಗೋ ಜಾಗದಲ್ಲಿ ಪರಿಚಯಕ್ಕೆ ವರ್ಷ ಹಿಡಿಯೋದಿಲ್ಲ.

ಹಳೇಬಂದರು
ಇದು ಮಾತ್ರ ನೂರಕ್ಕೆ ನೂರು ಸತ್ಯ.

ಲೆಕ್ಕದ_ಮೇಷ್ಟ್ರು
ಖರ್ಚಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಮಲೆನಾಡ_ಮಗಳು ಅವರೇ, ಹೋಗೋದಾದ್ರೆ ಬೋಟನ್ನ ಕೊಳ್ಳೋ ಮುಂಚೆ ಸರ್ವೇಯರ್ ಹತ್ರ ಪೂರ್ತಿ ಪರೀಕ್ಷೆ ಮಾಡಿಸಿ, ಅದಕ್ಕೆ ಜುಗ್ಗತನ ಬೇಡ. ಮೊದಲ ಸಲ ಬಾಡಿಗೆ ಬೋಟಿನಲ್ಲಿ ಎರಡು ವಾರ ಇದ್ದು ನೋಡೋದು ಇನ್ನೂ ಒಳ್ಳೇದು.

ಮಲೆನಾಡ_ಮಗಳು
ಮೇಷ್ಟ್ರೇ, ಎರಡು ವಾರದ ಸಲಹೆ ನಮ್ಮಿಬ್ಬರಿಗೂ ಹಿಡಿಸ್ತು. ಇವರೂ ಪಕ್ಕದಲ್ಲಿ ಕೂತು ಓದ್ತಿದ್ದಾರೆ, ಅವರದ್ದೊಂದು ಪ್ರಶ್ನೆ: ಆ 34 ಅಡಿ ಬೋಟಿನ ಕೀಲ್ (ತಳದ ಕೆಳಗೆ ಚಾಚಿರೋ ಭಾಗ) ನೀರೊಳಗೆ ಐದೂವರೆ ಅಡಿ ಕೆಳಗಿಳಿಯುತ್ತಂತೆ. ಎಕ್ಸೂಮಾದ ಆಳವಿಲ್ಲದ ನೀರಿಗೆ ಅದು ನಡೆಯುತ್ತಾ?

ಹಾಯಿದೋಣಿ_ದಂಪತಿ
ನಡೆಯುತ್ತೆ, ಅಷ್ಟು ಕೀಲ್ ಇರೋರು ಬೇಕಾದಷ್ಟು ಜನ ಬರ್ತಾರೆ. ಕೆಲವು ಒಳದಾರಿಗಳು ಮಾತ್ರ ಭರತದ ಹೊತ್ತಿಗೇ ಸಾಧ್ಯ. ಅಲ್ಲಿ ಭರತ ಇಳಿತದ ವ್ಯತ್ಯಾಸ ಸುಮಾರು 3 ಅಡಿ, ಹಾಗಾಗಿ ಏರುತ್ತಿರೋ ನೀರಲ್ಲೇ ಒಳಗೆ ಹೋಗಿ: ತಳ ತಗುಲಿದರೂ ಸ್ವಲ್ಪ ಹೊತ್ತಿಗೆ ನೀರೇ ಎತ್ತುತ್ತೆ. ಮೋಡ ಇಲ್ಲದ ದಿನ, ಸೂರ್ಯ ಬೆನ್ನ ಹಿಂದೆ ಇರುವಾಗ ಓಡಿಸಿ. ಕಡುನೀಲಿ ಅಂದ್ರೆ ಆಳ, ತಿಳಿಹಸಿರು ಅಂದ್ರೆ ಮರಳು, ಕಂದು ಕಂಡರೆ ಬಂಡೆ ಇರಬಹುದು ಅಂತ ಪಕ್ಕಕ್ಕೆ ತಿರುಗಿಸಿ. ನೀವು ಮುಂದೆ ನಿಂತು ನೋಡಿ ಕೈಸನ್ನೆ ಮಾಡಿ, ಅವರು ಚುಕ್ಕಾಣಿ ಹಿಡೀಲಿ. ನಮ್ಮ ಬೋಟಿನಲ್ಲೂ ಹಾಗೇ.